ಪೋಸ್ಟ್‌ಗ್ರೆಸ್ ರೆಪ್ಲಿಕೇಶನ್: ಪ್ರೈಮರಿಗೆ ಸ್ಟ್ಯಾಂಡ್‌ಬೈ ಜೋಡಿಸುವುದು, ಕಾಯುವುದು, ಬೇಕಾದಾಗ ತಿರುಗಿಸುವುದು

ಸ್ಟ್ರೀಮಿಂಗ್ ರೆಪ್ಲಿಕೇಶನ್ ಎಂದರೆ ಬರವಣಿಗೆ ನಡೆಯುವ ಡೇಟಾಬೇಸ್ ಸರ್ವರಿನ (ಪ್ರೈಮರಿ) ಪ್ರತಿಯನ್ನು ಇನ್ನೊಂದು ಸರ್ವರಿನಲ್ಲಿ (ಸ್ಟ್ಯಾಂಡ್‌ಬೈ) ಸದಾ ತಾಜಾ ಇಡುವುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅದನ್ನು ಜೋಡಿಸಲು ನಾಲ್ಕೈದು ಸೆಟ್ಟಿಂಗ್, ಒಬ್ಬ ಯೂಸರ್, ಒಂದು ಕಮಾಂಡ್ ಸಾಕು. ಡೇಟಾ ಕಡಿಮೆಯಿದ್ದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಪೆಟ್ಟು ಬೀಳುವುದು ಆಮೇಲೆ. ಸ್ಟ್ಯಾಂಡ್‌ಬೈ ನಿಂತುಹೋದದ್ದು ಯಾರ ಗಮನಕ್ಕೂ ಬಾರದೆ ಪ್ರೈಮರಿಯ ಡಿಸ್ಕ್ ತುಂಬಿದಾಗ, ಇಲ್ಲವೇ ಪ್ರೈಮರಿ ಬಿದ್ದ ರಾತ್ರಿ ಮೊದಲು ಯಾವ ಕಮಾಂಡ್ ಕೊಡಬೇಕೆಂದು ತೋಚದಿದ್ದಾಗ. ಹಾಗಾಗಿ ಇಲ್ಲಿ ಜೋಡಣೆಗಿಂತ ಹೆಚ್ಚು ಜಾಗ ಸ್ಲಾಟ್‌ಗೂ (ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಓದಿದೆ ಎಂದು ಪ್ರೈಮರಿ ಇಟ್ಟುಕೊಳ್ಳುವ ಗುರುತು) ಫೇಲ್‌ಓವರ್‌ಗೂ (ಪ್ರೈಮರಿ ಬಿದ್ದಾಗ ಅದರ ಜಾಗಕ್ಕೆ ಸ್ಟ್ಯಾಂಡ್‌ಬೈ ತರುವುದು) ಹೋಗಿದೆ.

ಕೆಲಸ ನಡೆಯುವ ಬಗೆ ಇಷ್ಟು. ಪ್ರೈಮರಿ ಪ್ರತಿ ಬದಲಾವಣೆಯನ್ನೂ ಡೇಟಾ ಫೈಲಿಗೆ ಇಳಿಸುವ ಮೊದಲು ವಾಲ್ ಎಂಬ ಲಾಗ್‌ನಲ್ಲಿ ಬರೆದಿಡುತ್ತದೆ. ಈ ವಾಲ್ 16 ಎಂಬಿಯ ಸೆಗ್ಮೆಂಟ್ ಫೈಲುಗಳಾಗಿ ಪಿಜಿ_ವಾಲ್ ಫೋಲ್ಡರಿನಲ್ಲಿ ಕೂರುತ್ತದೆ. ಪ್ರೈಮರಿಯ ವಾಲ್ ಸೆಂಡರ್ ಅದನ್ನು ಕಳಿಸುತ್ತದೆ, ಸ್ಟ್ಯಾಂಡ್‌ಬೈನ ವಾಲ್ ರಿಸೀವರ್ ತನ್ನ ಡಿಸ್ಕಿಗೆ ಬರೆಯುತ್ತದೆ, ಅಲ್ಲಿನ ಸ್ಟಾರ್ಟಪ್ ಪ್ರೊಸೆಸ್ ಒಂದೊಂದೇ ದಾಖಲೆ ಓದಿ ಡೇಟಾ ಫೈಲಿಗೆ ಹಚ್ಚುತ್ತದೆ. ಹೋಗುವುದು ಇಡೀ ಕ್ಲಸ್ಟರ್, ಅಂದರೆ ಆ ಸರ್ವರಿನಲ್ಲಿರುವ ಎಲ್ಲ ಡೇಟಾಬೇಸ್‌ಗಳು. ಒಂದೇ ಡೇಟಾಬೇಸ್ ಅಥವಾ ನಾಲ್ಕು ಟೇಬಲ್ ಮಾತ್ರ ಸಾಕು ಅನ್ನುವವರು ಲಾಜಿಕಲ್ ರೆಪ್ಲಿಕೇಶನ್ ನೋಡಬೇಕು. ಅದರ ದಾರಿಯೇ ಬೇರೆ.

ಉದಾಹರಣೆಗಳೆಲ್ಲ ಆವೃತ್ತಿ 16, ಡೆಬಿಯನ್ ಅಥವಾ ಉಬುಂಟು ಎಂದಿಟ್ಟುಕೊಂಡವು. ಪ್ರೈಮರಿ 10.0.0.11, ಸ್ಟ್ಯಾಂಡ್‌ಬೈ 10.0.0.12. ಆವೃತ್ತಿ 12ರಿಂದ ಈಚೆಗೆ ಹೆಜ್ಜೆಗಳು ಬಹುಮಟ್ಟಿಗೆ ಹೀಗೆಯೇ ಇವೆ. ಅದಕ್ಕಿಂತ ಹಳೆಯದರಲ್ಲಿ ರಿಕವರಿ.ಕಾನ್ಫ್ ಎಂಬ ಪ್ರತ್ಯೇಕ ಫೈಲ್ ಇತ್ತು. 12ರ ನಂತರ ಆ ಫೈಲ್ ಕಂಡರೆ ಸರ್ವರ್ ಏಳುವುದೇ ಇಲ್ಲ, ಆದ್ದರಿಂದ ಹಳೆಯ ಟಿಪ್ಪಣಿಗಳನ್ನು ನೋಡಿ ನಕಲು ಮಾಡಬೇಡಿ. ಇಲ್ಲಿ ಕನ್ನಡ ಲಿಪಿಯಲ್ಲಿರುವ ಸೆಟ್ಟಿಂಗ್ ಮತ್ತು ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಿರಿ. 40ಜಿಬಿ, 50ಎಂ ಎಂಬಲ್ಲಿನ ಜಿಬಿ, ಎಂ ಮಾತ್ರ ದೊಡ್ಡಕ್ಷರದಲ್ಲಿರಲಿ. ಅಂಡರ್‌ಸ್ಕೋರ್, ಹೈಫನ್ ಇದ್ದಲ್ಲಿ ಇದ್ದ ಹಾಗೆಯೇ ಇರಲಿ. ಆಪ್ಷನ್‌ಗಳನ್ನು ಒಂದಕ್ಷರದ ಬದಲು ಪೂರ್ತಿ ಹೆಸರಿನಲ್ಲೇ ಕೊಟ್ಟಿದೆ.

ಕೈ ಹಾಕುವ ಮೊದಲು

ಎರಡೂ ಕಡೆ ಒಂದೇ ಮೇಜರ್ ಆವೃತ್ತಿ ಇರಬೇಕು. 15ರಿಂದ 16ಕ್ಕೆ ಈ ದಾರಿಯಲ್ಲಿ ಹೋಗಲಾಗದು. ಪ್ರೊಸೆಸರ್ ಆರ್ಕಿಟೆಕ್ಚರ್ ಕೂಡ ಒಂದೇ ಆಗಿರಬೇಕು.

ಹೆಚ್ಚಿನವರು ತಪ್ಪಿಸಿಕೊಳ್ಳುವುದು ಆಪರೇಟಿಂಗ್ ಸಿಸ್ಟಮ್ ವಿಷಯದಲ್ಲಿ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಜಿಲಿಬ್‌ಸಿ ಲೈಬ್ರರಿಯಿಂದ ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ನಿಯಮ ದೊಡ್ಡ ಮಟ್ಟದಲ್ಲಿ ಬದಲಾಯಿತು. ಪ್ರೈಮರಿ ಅದಕ್ಕಿಂತ ಹಳೆಯ ಸಿಸ್ಟಮ್‌ನಲ್ಲಿ, ಸ್ಟ್ಯಾಂಡ್‌ಬೈ ಹೊಸದರಲ್ಲಿ ಇದ್ದರೆ ರೆಪ್ಲಿಕೇಶನ್ ಯಾವ ದೂರೂ ಇಲ್ಲದೆ ಓಡುತ್ತದೆ. ಆದರೆ ಪಠ್ಯದ ಕಾಲಮ್ ಮೇಲಿನ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಕಟ್ಟಿದ್ದು, ಹುಡುಕುವುದು ಹೊಸ ಕ್ರಮದಲ್ಲಿ. ಟೇಬಲ್‌ನಲ್ಲಿರುವ ಸಾಲು ಕ್ವೆರಿಗೆ ಸಿಗುವುದಿಲ್ಲ, ಪ್ರಮೋಟ್ ಮಾಡಿದ (ಸ್ಟ್ಯಾಂಡ್‌ಬೈಯನ್ನು ಪ್ರೈಮರಿಯಾಗಿ ಏರಿಸಿದ) ಮೇಲೆ ಯೂನಿಕ್ ಇರಬೇಕಾದ ಕಡೆ ನಕಲು ಸಾಲು ನುಸುಳುತ್ತದೆ. ಎರಡೂ ಸರ್ವರಿನಲ್ಲಿ ಎಲ್‌ಡಿಡಿ --ವರ್ಷನ್ ಓಡಿಸಿ ಸಂಖ್ಯೆ ಹೋಲಿಸಿ. ಬೇರೆಯಿದ್ದರೆ ಸ್ಟ್ಯಾಂಡ್‌ಬೈಗೆ ಅದೇ ಸಿಸ್ಟಮ್ ಹಾಕಿ.

ಡಿಸ್ಕ್ ಕನಿಷ್ಠ ಪ್ರೈಮರಿಯಷ್ಟೇ ಇರಲಿ. ಪ್ರಮೋಟ್ ಆದ ದಿನ ಪೂರ್ತಿ ಹೊರೆ ಹೊರಬೇಕಾದ್ದರಿಂದ ಮೆಮೊರಿ, ಕೋರ್‌ಗಳನ್ನೂ ಅರ್ಧಕ್ಕೆ ಇಳಿಸಬೇಡಿ. ಪ್ರತ್ಯೇಕ ಟೇಬಲ್‌ಸ್ಪೇಸ್‌ಗಳಿದ್ದರೆ (ಡೇಟಾ ಫೋಲ್ಡರಿನ ಹೊರಗೆ ಟೇಬಲ್ ಇಡುವ ಜಾಗಗಳು) ಅದೇ ಪಾತ್‌ನಲ್ಲಿ ಖಾಲಿ ಫೋಲ್ಡರ್‌ಗಳು ಸ್ಟ್ಯಾಂಡ್‌ಬೈನಲ್ಲೂ ಸಿದ್ಧವಿರಬೇಕು. ಎರಡೂ ಕಡೆ 5432 ಪೋರ್ಟ್ ತೆರೆದಿರಲಿ. ಬರೀ ಪ್ರೈಮರಿ ಕಡೆ ತೆರೆದರೆ ಇವತ್ತಿಗೆ ಸಾಕು, ಪಾತ್ರ ಅದಲುಬದಲಾದ ದಿನ ಸಾಲದು.

ಪ್ರೈಮರಿಯಲ್ಲಿ

ಆವೃತ್ತಿ 10ರಿಂದ ಬೇಕಾದ ಬಹುತೇಕ ಸೆಟ್ಟಿಂಗ್‌ಗಳು ಮೊದಲೇ ಸರಿಯಾಗಿವೆ: ವಾಲ್_ಲೆವೆಲ್ ರೆಪ್ಲಿಕಾ, ಮ್ಯಾಕ್ಸ್_ವಾಲ್_ಸೆಂಡರ್ಸ್ 10, ಮ್ಯಾಕ್ಸ್_ರೆಪ್ಲಿಕೇಶನ್_ಸ್ಲಾಟ್ಸ್ 10, ಹಾಟ್_ಸ್ಟ್ಯಾಂಡ್‌ಬೈ ಆನ್. ನೀವು /ಇಟಿಸಿ/ಪೋಸ್ಟ್‌ಗ್ರೆಸ್ಕ್ಯುಎಲ್/16/ಮೇನ್ ಫೋಲ್ಡರಿನ ಪೋಸ್ಟ್‌ಗ್ರೆಸ್ಕ್ಯುಎಲ್.ಕಾನ್ಫ್‌ನಲ್ಲಿ ಸೇರಿಸಬೇಕಾದ್ದು ಮೂರು:

ಲಿಸನ್_ಅಡ್ರೆಸಸ್ = 'ಲೋಕಲ್‌ಹೋಸ್ಟ್,10.0.0.11'
ವಾಲ್_ಲಾಗ್_ಹಿಂಟ್ಸ್ = ಆನ್
ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ = 40ಜಿಬಿ

ಮೊದಲೆರಡಕ್ಕೆ ಸರ್ವರ್ ರೀಸ್ಟಾರ್ಟ್ ಬೇಕು. ವಾಲ್_ಲಾಗ್_ಹಿಂಟ್ಸ್ ಇವತ್ತು ಯಾವ ಉಪಯೋಗಕ್ಕೂ ಬಾರದು. ಫೇಲ್‌ಓವರ್ ನಂತರ ಹಳೆಯ ಪ್ರೈಮರಿಯನ್ನು ಪಿಜಿ_ರಿವೈಂಡ್‌ನಿಂದ ಮರಳಿ ತರಲು ಇದು ಅಥವಾ ಡೇಟಾ ಚೆಕ್‌ಸಮ್ (ಪುಟ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ಬೇಕು, ಅದೂ ಅವಘಡಕ್ಕೆ ಮೊದಲೇ. ಹೇಗೂ ಒಮ್ಮೆ ರೀಸ್ಟಾರ್ಟ್ ಮಾಡುತ್ತೀರಿ, ಈಗಲೇ ಹಾಕಿಬಿಡಿ. ಕ್ಲಸ್ಟರ್ ಕಟ್ಟುವಾಗಲೇ ಚೆಕ್‌ಸಮ್ ಹಾಕಿದ್ದರೆ ಇದರ ಅಗತ್ಯವಿಲ್ಲ. ಷೋ ಡೇಟಾ_ಚೆಕ್‌ಸಮ್ಸ್ ಎಂದು ಕೇಳಿದರೆ ತಿಳಿಯುತ್ತದೆ. ಮೂರನೆಯ ಸಾಲಿನ 40 ಎಲ್ಲಿಂದ ಬಂತೆಂಬುದನ್ನು ಸ್ಲಾಟ್ ಭಾಗದಲ್ಲಿ ಹೇಳಿದೆ.

ನಂತರ ರೆಪ್ಲಿಕೇಶನ್‌ಗೆಂದೇ ಒಬ್ಬ ಯೂಸರ್:

ಕ್ರಿಯೇಟ್ ರೋಲ್ ರೆಪ್ಲಿಕೇಟರ್ ವಿತ್ ರೆಪ್ಲಿಕೇಶನ್ ಲಾಗಿನ್ ಪಾಸ್‌ವರ್ಡ್ '...';

ಸೂಪರ್‌ಯೂಸರ್ ಹಕ್ಕು ಬೇಡ. ಆದರೆ ಈ ಯೂಸರ್ ಕೈಯಲ್ಲಿ ಇಡೀ ಕ್ಲಸ್ಟರಿನ ಪ್ರತಿಯನ್ನು ಎಳೆದುಕೊಳ್ಳುವ ಶಕ್ತಿಯಿದೆ. ಪಾಸ್‌ವರ್ಡ್ ಗಟ್ಟಿಯಿರಲಿ.

ಪಿಜಿ_ಎಚ್‌ಬಿಎ.ಕಾನ್ಫ್‌ಗೆ ಒಂದು ಸಾಲು:

ಹೋಸ್ಟ್‌ಎಸ್‌ಎಸ್‌ಎಲ್ ರೆಪ್ಲಿಕೇಶನ್ ರೆಪ್ಲಿಕೇಟರ್ 10.0.0.12/32 ಸ್ಕ್ರಾಮ್-ಶಾ-256

ಎರಡನೆಯ ಕಾಲಮ್‌ನಲ್ಲಿ ಡೇಟಾಬೇಸಿನ ಹೆಸರಲ್ಲ, ರೆಪ್ಲಿಕೇಶನ್ ಎಂಬ ವಿಶೇಷ ಪದವೇ ಇರಬೇಕು. ಆ ಜಾಗದಲ್ಲಿ ಆಲ್ ಎಂದು ಹಾಕಿದರೆ ಎಲ್ಲ ಡೇಟಾಬೇಸ್ ಸೇರುತ್ತವೆ, ರೆಪ್ಲಿಕೇಶನ್ ಸಂಪರ್ಕ ಮಾತ್ರ ಸೇರುವುದಿಲ್ಲ. ಪಿಎಸ್‌ಕ್ಯುಎಲ್‌ನಿಂದ ಲಾಗಿನ್ ಆಗುತ್ತದೆ, ಸ್ಟ್ಯಾಂಡ್‌ಬೈ ಮಾತ್ರ ಹೊರಗೇ ನಿಲ್ಲುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರ ಸಮಸ್ಯೆ ಹೆಚ್ಚಾಗಿ ಇದೇ. ಹೋಸ್ಟ್‌ಎಸ್‌ಎಸ್‌ಎಲ್ ಎಂದರೆ ಎನ್‌ಕ್ರಿಪ್ಟ್ ಆಗದ ಸಂಪರ್ಕಕ್ಕೆ ಪ್ರವೇಶವಿಲ್ಲ. ಈ ಫೈಲಿನ ಬದಲಾವಣೆಗೆ ರೀಲೋಡ್ ಸಾಕು.

ಸ್ಟ್ಯಾಂಡ್‌ಬೈನಲ್ಲಿ

ಅದೇ ಆವೃತ್ತಿಯ ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಮಾಡಿದೊಡನೆ ಡೆಬಿಯನ್ ತಾನಾಗಿಯೇ ಖಾಲಿ ಕ್ಲಸ್ಟರ್ ಕಟ್ಟಿ ಚಾಲೂ ಮಾಡಿಬಿಡುತ್ತದೆ. ಅದನ್ನು ನಿಲ್ಲಿಸಿ (ಪಿಜಿ_ಸಿಟಿಎಲ್‌ಕ್ಲಸ್ಟರ್ 16 ಮೇನ್ ಸ್ಟಾಪ್), /ವರ್/ಲಿಬ್/ಪೋಸ್ಟ್‌ಗ್ರೆಸ್ಕ್ಯುಎಲ್/16/ಮೇನ್ ಫೋಲ್ಡರಿನ ಹೆಸರು ಬದಲಿಸಿ. ಅಳಿಸಬೇಡಿ, ಹೆಸರು ಬದಲಿಸಿ. ಎರಡು ಟರ್ಮಿನಲ್ ಪಕ್ಕಪಕ್ಕ ತೆರೆದಿರುವಾಗ ಪ್ರೈಮರಿಯ ಡೇಟಾ ಫೋಲ್ಡರ್ ಮೇಲೆಯೇ ಆರ್‌ಎಂ ಓಡಿಸುವುದು ನಂಬಲಾಗದಷ್ಟು ಸುಲಭ. ಹೋಸ್ಟ್‌ನೇಮ್ ಕಮಾಂಡ್ ಕೊಟ್ಟು ಯಾವ ಯಂತ್ರದಲ್ಲಿದ್ದೀರಿ ಎಂದು ನೋಡಿಕೊಂಡೇ ಮುಂದುವರಿಯಿರಿ.

ಪಾಸ್‌ವರ್ಡ್‌ಗೆ ಪೋಸ್ಟ್‌ಗ್ರೆಸ್ ಯೂಸರಿನ ಹೋಮ್ ಫೋಲ್ಡರಿನಲ್ಲಿ .ಪಿಜಿಪಾಸ್ ಫೈಲ್ ಮಾಡಿ:

10.0.0.11:5432:ರೆಪ್ಲಿಕೇಶನ್:ರೆಪ್ಲಿಕೇಟರ್:ಪಾಸ್‌ವರ್ಡ್

ಅದರ ಅನುಮತಿ 0600 ಇರಬೇಕು. ಅದಕ್ಕಿಂತ ಸಡಿಲವಾಗಿದ್ದರೆ ಆ ಫೈಲನ್ನು ಕಡೆಗಣಿಸಲಾಗುತ್ತದೆ. ಈಗ ಪೋಸ್ಟ್‌ಗ್ರೆಸ್ ಯೂಸರ್ ಆಗಿ, ಪ್ರೈಮರಿಯ ಡೇಟಾವನ್ನೆಲ್ಲ ನಕಲು ಮಾಡುವ ಮುಖ್ಯ ಕಮಾಂಡ್ (ಒಂದೇ ಸಾಲಿನಲ್ಲಿ):

ಪಿಜಿ_ಬೇಸ್‌ಬ್ಯಾಕಪ್ --ಹೋಸ್ಟ್=10.0.0.11 --ಯೂಸರ್‌ನೇಮ್=ರೆಪ್ಲಿಕೇಟರ್ --ಪಿಜಿಡೇಟಾ=/ವರ್/ಲಿಬ್/ಪೋಸ್ಟ್‌ಗ್ರೆಸ್ಕ್ಯುಎಲ್/16/ಮೇನ್ --ವಾಲ್-ಮೆಥಡ್=ಸ್ಟ್ರೀಮ್ --ಕ್ರಿಯೇಟ್-ಸ್ಲಾಟ್ --ಸ್ಲಾಟ್=ಎಸ್1 --ರೈಟ್-ರಿಕವರಿ-ಕಾನ್ಫ್ --ಚೆಕ್‌ಪಾಯಿಂಟ್=ಫಾಸ್ಟ್ --ಪ್ರೋಗ್ರೆಸ್

ಚೆಕ್‌ಪಾಯಿಂಟ್ ಫಾಸ್ಟ್ ಎಂದು ಹೇಳದಿದ್ದರೆ ಪ್ರೈಮರಿ ತನ್ನ ನಿಧಾನದ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡೇಟಾ ಫೈಲಿಗೆ ಇಳಿಸುವ ಕೆಲಸ) ಮುಗಿಸುವವರೆಗೆ ಕೆಲವು ನಿಮಿಷ ಪರದೆಯ ಮೇಲೆ ಏನೂ ಚಲಿಸದು. ಸ್ಥಗಿತವಾಯಿತೆಂದುಕೊಂಡು ಕಂಟ್ರೋಲ್-ಸಿ ಒತ್ತುವವರು ಬಹಳ. ಪ್ರೈಮರಿಯಲ್ಲಿ ಜನ ಕೆಲಸ ಮಾಡುತ್ತಿರುವ ಹೊತ್ತಾದರೆ --ಮ್ಯಾಕ್ಸ್-ರೇಟ್=50ಎಂ ಸೇರಿಸಿ. ಸೆಕೆಂಡಿಗೆ 50 ಎಂಬಿ ಮೀರದಂತೆ ನಕಲು ನಡೆಯುತ್ತದೆ, ಪ್ರೈಮರಿಯ ಡಿಸ್ಕ್ ಉಸಿರಾಡುತ್ತದೆ. ಸ್ಟ್ರೀಮ್ ವಿಧಾನ ಎರಡು ವಾಲ್ ಸೆಂಡರ್ ಬಳಸುತ್ತದೆಂಬುದೂ ನೆನಪಿರಲಿ.

ಕಮಾಂಡ್ ಅರ್ಧದಲ್ಲಿ ಕಡಿದುಹೋದರೆ ನಕಲಾದ ಫೈಲುಗಳನ್ನು ಅದೇ ತೆಗೆದುಹಾಕುತ್ತದೆ, ಆದರೆ ಪ್ರೈಮರಿಯಲ್ಲಿ ಹುಟ್ಟಿದ ಸ್ಲಾಟ್ ಹಾಗೆಯೇ ಉಳಿಯುತ್ತದೆ. ಮರುಪ್ರಯತ್ನದಲ್ಲಿ ಸ್ಲಾಟ್ ಆಗಲೇ ಇದೆ ಎಂಬ ದೂರು ಬಂದರೆ --ಕ್ರಿಯೇಟ್-ಸ್ಲಾಟ್ ಬಿಟ್ಟು ಓಡಿಸಿ. ಕೆಲಸವನ್ನೇ ಕೈಬಿಡುವುದಾದರೆ ಸ್ಲಾಟನ್ನು ಡ್ರಾಪ್ ಮಾಡಿಯೇ ಏಳಿ.

--ರೈಟ್-ರಿಕವರಿ-ಕಾನ್ಫ್ ಎರಡು ಕೆಲಸ ಮಾಡುತ್ತದೆ. ಡೇಟಾ ಫೋಲ್ಡರಿನಲ್ಲಿ ಸ್ಟ್ಯಾಂಡ್‌ಬೈ.ಸಿಗ್ನಲ್ ಎಂಬ ಖಾಲಿ ಫೈಲ್ ಇಡುತ್ತದೆ. ಪೋಸ್ಟ್‌ಗ್ರೆಸ್ಕ್ಯುಎಲ್.ಆಟೊ.ಕಾನ್ಫ್‌ಗೆ ಪ್ರೈಮರಿ_ಕಾನ್‌ಇನ್ಫೋ, ಪ್ರೈಮರಿ_ಸ್ಲಾಟ್_ನೇಮ್ ಬರೆಯುತ್ತದೆ. ಆ ಪ್ರೈಮರಿ_ಕಾನ್‌ಇನ್ಫೋ ಒಳಗೆ ಅಪ್ಲಿಕೇಶನ್_ನೇಮ್=ಎಸ್1 ಎಂದು ನೀವೇ ಸೇರಿಸಿ. ಮುಂದೆ ಸಿಂಕ್ರೊನಸ್ ಮಾಡುವಾಗ ಸ್ಟ್ಯಾಂಡ್‌ಬೈಯನ್ನು ಗುರುತಿಸುವುದು ಇದೇ ಹೆಸರಿನಿಂದ.

ಡೆಬಿಯನ್‌ನಲ್ಲಿ ಇನ್ನೊಂದು ಹಳ್ಳವಿದೆ. ಇಲ್ಲಿ ಕಾನ್ಫಿಗ್ ಫೈಲುಗಳು ಡೇಟಾ ಫೋಲ್ಡರಿನಲ್ಲಿಲ್ಲ, /ಇಟಿಸಿಯಲ್ಲಿವೆ. ಬೇಸ್‌ಬ್ಯಾಕಪ್ ಅವನ್ನು ಮುಟ್ಟುವುದಿಲ್ಲ. ಪ್ರೈಮರಿಯಲ್ಲಿ ಮ್ಯಾಕ್ಸ್_ಕನೆಕ್ಷನ್ಸ್ 300 ಇದ್ದು ಸ್ಟ್ಯಾಂಡ್‌ಬೈನಲ್ಲಿ ಮೂಲದ 100 ಉಳಿದರೆ ಅದು ಏಳಲು ಒಪ್ಪುವುದಿಲ್ಲ. ಐದು ಸೆಟ್ಟಿಂಗ್‌ಗಳು ಸ್ಟ್ಯಾಂಡ್‌ಬೈನಲ್ಲಿ ಪ್ರೈಮರಿಗಿಂತ ಕಡಿಮೆ ಇರಬಾರದು: ಮ್ಯಾಕ್ಸ್_ಕನೆಕ್ಷನ್ಸ್, ಮ್ಯಾಕ್ಸ್_ವರ್ಕರ್_ಪ್ರೊಸೆಸಸ್, ಮ್ಯಾಕ್ಸ್_ವಾಲ್_ಸೆಂಡರ್ಸ್, ಮ್ಯಾಕ್ಸ್_ಪ್ರಿಪೇರ್ಡ್_ಟ್ರಾನ್ಸಾಕ್ಷನ್ಸ್, ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್. ಮುಂದೆ ಇವನ್ನು ಏರಿಸುವಾಗ ಮೊದಲು ಸ್ಟ್ಯಾಂಡ್‌ಬೈನಲ್ಲಿ, ಇಳಿಸುವಾಗ ಮೊದಲು ಪ್ರೈಮರಿಯಲ್ಲಿ. ಪಿಜಿ_ಎಚ್‌ಬಿಎ ಫೈಲನ್ನೂ ಈಗಲೇ ಇಲ್ಲಿಗೆ ತನ್ನಿ, ರೆಪ್ಲಿಕೇಶನ್ ಸಾಲಿನಲ್ಲಿ ವಿಳಾಸ 10.0.0.11 ಆಗಲಿ. ಲಿಸನ್_ಅಡ್ರೆಸಸ್‌ನಲ್ಲಿ ಸ್ಟ್ಯಾಂಡ್‌ಬೈನ ಸ್ವಂತ ವಿಳಾಸ ಬರಲಿ. ರೆಡ್‌ಹ್ಯಾಟ್ ಮಾದರಿಯಲ್ಲಿ ಕಾನ್ಫಿಗ್ ಡೇಟಾ ಫೋಲ್ಡರಿನಲ್ಲೇ ಇರುವುದರಿಂದ ಎಲ್ಲವೂ ನಕಲಾಗಿ ಬರುತ್ತದೆ. ಅಲ್ಲಿ ತಿದ್ದಬೇಕಾದ್ದು ವಿಳಾಸಗಳನ್ನು ಮಾತ್ರ.

ಪಿಜಿ_ಸಿಟಿಎಲ್‌ಕ್ಲಸ್ಟರ್ 16 ಮೇನ್ ಸ್ಟಾರ್ಟ್ ಕೊಟ್ಟು ಲಾಗ್ ನೋಡಿ. ಸ್ಟಾರ್ಟೆಡ್ ಸ್ಟ್ರೀಮಿಂಗ್ ವಾಲ್ ಫ್ರಮ್ ಪ್ರೈಮರಿ ಎಂಬ ಸಾಲು ಬಂದರೆ ಹರಿವು ಶುರುವಾಯಿತು.

ಹರಿವನ್ನು ಅಳೆಯುವುದು

ಪ್ರೈಮರಿಯಲ್ಲಿ ಪಿಜಿ_ಸ್ಟಾಟ್_ರೆಪ್ಲಿಕೇಶನ್ ನೋಡಿ. ಪ್ರತಿ ಸ್ಟ್ಯಾಂಡ್‌ಬೈಗೆ ಒಂದು ಸಾಲಿರುತ್ತದೆ, ಸ್ಟೇಟ್ ಕಾಲಮ್‌ನಲ್ಲಿ ಸ್ಟ್ರೀಮಿಂಗ್ ಇರಬೇಕು. ಕ್ಯಾಚಪ್ ಎಂದಿದ್ದರೆ ಇನ್ನೂ ಹಿಂದಿದೆ, ಓಡಿ ಬರುತ್ತಿದೆ. ಸೆಂಟ್ (ಕಳಿಸಿದ್ದು), ರೈಟ್ (ಬರೆದದ್ದು), ಫ್ಲಷ್ (ಡಿಸ್ಕಿನಲ್ಲಿ ಭದ್ರವಾದದ್ದು), ರಿಪ್ಲೇ (ಹಚ್ಚಿದ್ದು) ಎಂಬ ನಾಲ್ಕು ಎಲ್‌ಎಸ್‌ಎನ್‌ಗಳು, ಅಂದರೆ ವಾಲ್‌ನೊಳಗಿನ ಸ್ಥಾನಗಳು, ಎಲ್ಲಿ ಬಿರುಕಿದೆ ಎಂದು ಹೇಳುತ್ತವೆ. ಸೆಂಟ್ ಮುಂದಿದ್ದು ಫ್ಲಷ್ ಹಿಂದಿದ್ದರೆ ನೆಟ್‌ವರ್ಕ್ ಅಥವಾ ಸ್ಟ್ಯಾಂಡ್‌ಬೈನ ಡಿಸ್ಕ್ ಕಾರಣ. ಫ್ಲಷ್ ಮುಂದಿದ್ದು ರಿಪ್ಲೇ ಮಾತ್ರ ಹಿಂದಿದ್ದರೆ ಹಚ್ಚುವ ಕೆಲಸ ನಿಂತಿದೆ. ಯಾವುದೋ ಉದ್ದದ ಕ್ವೆರಿ ಅಡ್ಡಬಂದಿರಬಹುದು, ಅಥವಾ ಹಚ್ಚುವ ಪ್ರೊಸೆಸ್ ಒಂದೇ ಆದ್ದರಿಂದ ಹತ್ತಾರು ಕೋರ್‌ಗಳಲ್ಲಿ ಬರೆಯುವ ಪ್ರೈಮರಿಯ ವೇಗಕ್ಕೆ ಅದು ಸಾಲದಿರಬಹುದು.

ಎಷ್ಟು ಬೈಟ್ ಹಿಂದಿದೆ ಎಂಬುದಕ್ಕೆ:

ಸೆಲೆಕ್ಟ್ ಅಪ್ಲಿಕೇಶನ್_ನೇಮ್, ಪಿಜಿ_ವಾಲ್_ಎಲ್‌ಎಸ್‌ಎನ್_ಡಿಫ್(ಪಿಜಿ_ಕರೆಂಟ್_ವಾಲ್_ಎಲ್‌ಎಸ್‌ಎನ್(), ರಿಪ್ಲೇ_ಎಲ್‌ಎಸ್‌ಎನ್) ಫ್ರಮ್ ಪಿಜಿ_ಸ್ಟಾಟ್_ರೆಪ್ಲಿಕೇಶನ್;

ಸ್ಟ್ಯಾಂಡ್‌ಬೈ ಕಡೆಯಿಂದ ಸಮಯದಲ್ಲಿ ಅಳೆಯುವ ಜನಪ್ರಿಯ ವಿಧಾನ, ಈಗಿನ ಸಮಯದಿಂದ ಪಿಜಿ_ಲಾಸ್ಟ್_ಎಕ್ಸ್‌ಆಕ್ಟ್_ರಿಪ್ಲೇ_ಟೈಮ್‌ಸ್ಟ್ಯಾಂಪ್() ಕಳೆಯುವುದು. ಪ್ರೈಮರಿಯಲ್ಲಿ ಯಾರೂ ಬರೆಯದಿದ್ದರೆ ಈ ಅಂತರ ಸುಮ್ಮನೆ ಬೆಳೆಯುತ್ತ ಹೋಗಿ ನಡುರಾತ್ರಿ ಅಲಾರಂ ಬಾರಿಸುತ್ತದೆ. ಅದನ್ನು ತಪ್ಪಿಸಲು ಪಡೆದ ಎಲ್‌ಎಸ್‌ಎನ್ ಮತ್ತು ಹಚ್ಚಿದ ಎಲ್‌ಎಸ್‌ಎನ್ ಒಂದೇ ಇದ್ದರೆ ಸೊನ್ನೆ ಎಂದು ತೋರಿಸುವ ತಿದ್ದುಪಡಿ ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ಇನ್ನೂ ಅಪಾಯಕಾರಿ. ಸಂಪರ್ಕವೇ ಕಡಿದುಬಿದ್ದಾಗ ಬಂದಷ್ಟನ್ನು ಹಚ್ಚಿ ಮುಗಿದಿರುತ್ತದೆ, ಎರಡೂ ಸಮ ಆಗುತ್ತವೆ, ಗ್ರಾಫ್ ಸೊನ್ನೆ ತೋರಿಸುತ್ತದೆ. ಸ್ಟ್ಯಾಂಡ್‌ಬೈನಲ್ಲಿ ಅಳೆಯುವುದಾದರೆ ಪಿಜಿ_ಸ್ಟಾಟ್_ವಾಲ್_ರಿಸೀವರ್‌ನಲ್ಲಿ ಸಾಲು ಇದೆಯೇ, ಸ್ಟೇಟಸ್ ಸ್ಟ್ರೀಮಿಂಗ್ ಇದೆಯೇ ಎಂದು ಜೊತೆಗೇ ನೋಡಲೇಬೇಕು. ನಮ್ಮ ಸಲಹೆ: ಎಚ್ಚರಿಕೆಯನ್ನು ಪ್ರೈಮರಿಯ ಬೈಟ್ ಲೆಕ್ಕದ ಮೇಲೆ ಕಟ್ಟಿ, ಸಾಲೇ ಇಲ್ಲದಿದ್ದರೆ ಅದನ್ನೇ ದೊಡ್ಡ ಎಚ್ಚರಿಕೆಯಾಗಿ ಇಟ್ಟುಕೊಳ್ಳಿ. ಮಾನಿಟರಿಂಗ್ ಯೂಸರಿಗೆ ಪಿಜಿ_ಮಾನಿಟರ್ ರೋಲ್ ಕೊಡಿ, ಇಲ್ಲದಿದ್ದರೆ ಈ ಕಾಲಮ್‌ಗಳು ಖಾಲಿ ಕಾಣುತ್ತವೆ.

ಸ್ಲಾಟ್: ಕಾಪಾಡುವುದೂ ಅದೇ, ಕೆಡವುವುದೂ ಅದೇ

ಸ್ಲಾಟ್ ಇಲ್ಲದಿದ್ದರೆ ಪ್ರೈಮರಿಗೆ ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಓದಿದೆ ಎಂಬ ಪರಿವೆಯಿಲ್ಲ. ಚೆಕ್‌ಪಾಯಿಂಟ್ ಆದಂತೆ ಹಳೆಯ ವಾಲ್ ಫೈಲುಗಳನ್ನು ಅಳಿಸುತ್ತದೆ ಅಥವಾ ಮರುಬಳಸುತ್ತದೆ. ಸ್ಟ್ಯಾಂಡ್‌ಬೈ ಒಂದೆರಡು ಗಂಟೆ ಮಲಗಿ ಎದ್ದರೆ ಕೇಳಿದ ವಾಲ್ ಸೆಗ್ಮೆಂಟ್ ಆಗಲೇ ತೆಗೆದುಹಾಕಲಾಗಿದೆ ಎಂಬ ದೂರು ಲಾಗ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇರೆಡೆ ವಾಲ್ ಆರ್ಕೈವ್ ಇಟ್ಟಿದ್ದರೆ ರಿಸ್ಟೋರ್_ಕಮಾಂಡ್ ಮೂಲಕ ಅಲ್ಲಿಂದ ಎಳೆದುಕೊಳ್ಳಬಹುದು, ಇಲ್ಲದಿದ್ದರೆ ಬೇಸ್‌ಬ್ಯಾಕಪ್ ಮೊದಲಿನಿಂದ.

ಸ್ಲಾಟ್ ಈ ತೊಂದರೆ ಕಳೆಯುತ್ತದೆ, ಅದರ ಬೆಲೆಯಾಗಿ ಇನ್ನೊಂದನ್ನು ತರುತ್ತದೆ. ಸ್ಟ್ಯಾಂಡ್‌ಬೈ ಓದದ ಒಂದೇ ಒಂದು ಸೆಗ್ಮೆಂಟನ್ನೂ ಪ್ರೈಮರಿ ಅಳಿಸುವುದಿಲ್ಲ. ಸ್ಟ್ಯಾಂಡ್‌ಬೈ ಸತ್ತಿದ್ದರೂ ಅಳಿಸುವುದಿಲ್ಲ. ಮೂಲ ಸೆಟ್ಟಿಂಗ್‌ನಲ್ಲಿ ಇದಕ್ಕೆ ಮಿತಿಯೇ ಇಲ್ಲ, ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ -1 ಇರುತ್ತದೆ. ಪಿಜಿ_ವಾಲ್ ಉಬ್ಬಿ ಡಿಸ್ಕ್ ತುಂಬಿದ ಕ್ಷಣ ಪ್ರೈಮರಿ ಪ್ಯಾನಿಕ್ ಆಗಿ ಬೀಳುತ್ತದೆ. ಕಾವಲಿಗೆ ಇಟ್ಟ ಯಂತ್ರದಿಂದಲೇ ಮನೆ ಮುಳುಗಿದಂತಾಗುತ್ತದೆ.

ಮಿತಿ ಎಷ್ಟಿರಬೇಕು? ಅತಿ ಹೆಚ್ಚು ಕೆಲಸ ನಡೆಯುವ ಹೊತ್ತಿನಲ್ಲಿ ಪಿಜಿ_ಕರೆಂಟ್_ವಾಲ್_ಎಲ್‌ಎಸ್‌ಎನ್() ಬರೆದಿಟ್ಟುಕೊಂಡು ಒಂದು ಗಂಟೆಯ ನಂತರ ಮತ್ತೆ ಕೇಳಿ, ಪಿಜಿ_ವಾಲ್_ಎಲ್‌ಎಸ್‌ಎನ್_ಡಿಫ್‌ನಿಂದ ವ್ಯತ್ಯಾಸ ತೆಗೆಯಿರಿ. ಗಂಟೆಗೆ 4 ಜಿಬಿ ಬಂದು, ಸ್ಟ್ಯಾಂಡ್‌ಬೈ 10 ಗಂಟೆ ಕೆಳಗಿದ್ದರೂ ತಡೆದುಕೊಳ್ಳಬೇಕೆಂದರೆ 40 ಜಿಬಿ. ವಾಲ್ ಇರುವ ಡಿಸ್ಕಿನಲ್ಲಿ ಅಷ್ಟು ಜಾಗ ನಿಜವಾಗಿಯೂ ಖಾಲಿಯಿರಬೇಕು, ಮೇಲೆ ಇನ್ನಷ್ಟು ಸಡಿಲವೂ ಬೇಕು. ಈ ಮಿತಿ ಜಾರಿಯಾಗುವುದು ಚೆಕ್‌ಪಾಯಿಂಟ್ ಹೊತ್ತಿಗೆ, ಎರಡು ಚೆಕ್‌ಪಾಯಿಂಟ್ ನಡುವೆ ಅಳತೆ ಮೀರಬಹುದು. ಈ ಸೆಟ್ಟಿಂಗ್ ಬಂದದ್ದು ಆವೃತ್ತಿ 13ರಲ್ಲಿ. 12ರಲ್ಲಿರುವವರಿಗೆ ಡಿಸ್ಕ್ ಎಚ್ಚರಿಕೆಯೊಂದೇ ಗತಿ.

ಮಿತಿ ಮೀರಿದಾಗ ಸ್ಲಾಟ್ ರದ್ದಾಗುತ್ತದೆ. ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ನ ವಾಲ್_ಸ್ಟೇಟಸ್ ಕಾಲಮ್ ಮೊದಲು ರಿಸರ್ವ್ಡ್, ಆಮೇಲೆ ಎಕ್ಸ್‌ಟೆಂಡೆಡ್, ಅನ್‌ರಿಸರ್ವ್ಡ್, ಕೊನೆಗೆ ಲಾಸ್ಟ್ ಎಂದು ತೋರಿಸುತ್ತದೆ. ಅನ್‌ರಿಸರ್ವ್ಡ್ ಹಂತದಲ್ಲಿ ಸ್ಟ್ಯಾಂಡ್‌ಬೈ ಎಚ್ಚೆತ್ತರೆ ಇನ್ನೂ ಬದುಕಿಕೊಳ್ಳಬಹುದು. ಲಾಸ್ಟ್ ಆದರೆ ಆರ್ಕೈವ್ ಇಲ್ಲದವರಿಗೆ ಸ್ಟ್ಯಾಂಡ್‌ಬೈ ಹೊಸದಾಗಿ ಕಟ್ಟುವುದೊಂದೇ ದಾರಿ. ಸ್ಟ್ಯಾಂಡ್‌ಬೈ ಕಳೆದುಕೊಳ್ಳುವುದು ಪ್ರೈಮರಿ ಕಳೆದುಕೊಳ್ಳುವುದಕ್ಕಿಂತ ಯಾವತ್ತೂ ಅಗ್ಗ, ಆದ್ದರಿಂದ ಮಿತಿ ಹಾಕದೆ ಬಿಡಬೇಡಿ. ಸ್ಟ್ಯಾಂಡ್‌ಬೈಯನ್ನು ಶಾಶ್ವತವಾಗಿ ತೆಗೆಯುವ ದಿನ ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್('ಎಸ್1') ಕೂಡ ಅದೇ ದಿನ ಓಡಲಿ.

ಸ್ಟ್ಯಾಂಡ್‌ಬೈನಲ್ಲಿ ಕ್ವೆರಿ ಓಡಿಸುವವರಿಗೆ

ವರದಿಯ ಭಾರದ ಕ್ವೆರಿಗಳನ್ನು ಸ್ಟ್ಯಾಂಡ್‌ಬೈಗೆ ತಳ್ಳುವುದು ಸಾಮಾನ್ಯ. ಆಗ ಕ್ಯಾನ್ಸಲಿಂಗ್ ಸ್ಟೇಟ್‌ಮೆಂಟ್ ಡ್ಯೂ ಟು ಕಾನ್‌ಫ್ಲಿಕ್ಟ್ ವಿತ್ ರಿಕವರಿ ಎಂಬ ದೂರು ಬರುತ್ತದೆ. ಪ್ರೈಮರಿಯಲ್ಲಿ ವ್ಯಾಕ್ಯೂಮ್ ಹಳೆಯ ಸಾಲುಗಳನ್ನು ಗುಡಿಸಿದೆ, ಆ ಗುಡಿಸಿದ ಸುದ್ದಿ ವಾಲ್‌ನಲ್ಲಿ ಇಲ್ಲಿಗೆ ಬಂದಿದೆ, ಇಲ್ಲಿನ ಕ್ವೆರಿಗೆ ಅದೇ ಸಾಲುಗಳು ಬೇಕು. ಸರ್ವರ್ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಕ್ವೆರಿಯನ್ನು ಕೊಲ್ಲುತ್ತದೆ.

ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ ಏರಿಸಿದರೆ ಕ್ವೆರಿ ಉಳಿಯುತ್ತದೆ, ಹಚ್ಚುವ ಕೆಲಸ ಹಿಂದೆ ಬೀಳುತ್ತದೆ. ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಆನ್ ಮಾಡಿದರೆ ಸ್ಟ್ಯಾಂಡ್‌ಬೈಗೆ ಬೇಕಾದ ಸಾಲುಗಳನ್ನು ಪ್ರೈಮರಿ ಗುಡಿಸುವುದಿಲ್ಲ, ಆದರೆ ಅಲ್ಲಿ ಆರು ಗಂಟೆಯ ಕ್ವೆರಿ ಓಡಿದರೆ ಪ್ರೈಮರಿಯ ಟೇಬಲ್‌ಗಳು ಆರು ಗಂಟೆ ಉಬ್ಬುತ್ತವೆ. ಫೀಡ್‌ಬ್ಯಾಕ್ ಇದ್ದರೂ ಎಲ್ಲ ಘರ್ಷಣೆ ನಿಲ್ಲದು: ವ್ಯಾಕ್ಯೂಮ್ ಟೇಬಲಿನ ಬಾಲದ ಖಾಲಿ ಪುಟಗಳನ್ನು ಕತ್ತರಿಸುವಾಗ ಹಾಕುವ ಬಿಗಿ ಲಾಕ್, ಆಲ್ಟರ್ ಟೇಬಲ್‌ನ ಲಾಕ್ ಇಲ್ಲೂ ಬಂದು ಕೂರುತ್ತವೆ. ಫೇಲ್‌ಓವರ್‌ಗೆ ಒಂದು, ವರದಿಗೆ ಇನ್ನೊಂದು ಎಂದು ಎರಡು ಸ್ಟ್ಯಾಂಡ್‌ಬೈ ಇಡಲು ಸಾಧ್ಯವಾದರೆ ಈ ಜಗ್ಗಾಟವೇ ಇರುವುದಿಲ್ಲ.

ಸಿಂಕ್ರೊನಸ್ ಬೇಕೇ?

ಮೇಲಿನ ಜೋಡಣೆ ಅಸಿಂಕ್ರೊನಸ್. ಪ್ರೈಮರಿ ಹಠಾತ್ತನೆ ಸತ್ತರೆ ಕೊನೆಯ ಕೆಲವು ಕಮಿಟ್‌ಗಳು (ಖಾಯಂ ಮಾಡಿದ ಬದಲಾವಣೆಗಳು) ಸ್ಟ್ಯಾಂಡ್‌ಬೈಗೆ ಮುಟ್ಟಿರುವುದಿಲ್ಲ. ಒಂದು ಕಮಿಟ್ ಕೂಡ ಕಳೆಯಬಾರದೆಂದರೆ ಪ್ರೈಮರಿಯಲ್ಲಿ:

ಸಿಂಕ್ರೊನಸ್_ಸ್ಟ್ಯಾಂಡ್‌ಬೈ_ನೇಮ್ಸ್ = 'ಎನಿ 1 (ಎಸ್1, ಎಸ್2)'

ಎರಡರಲ್ಲಿ ಯಾವುದಾದರೂ ಒಂದು ತನ್ನ ಡಿಸ್ಕಿಗೆ ಬರೆದೆ ಎನ್ನುವವರೆಗೆ ಕಮಿಟ್ ಕಾಯುತ್ತದೆ. ಪ್ರತಿ ಕಮಿಟ್‌ಗೂ ನೆಟ್‌ವರ್ಕಿನ ಹೋಗಿಬರುವ ಸಮಯ ಸೇರುತ್ತದೆ, ದೂರದ ಊರಿನ ಡೇಟಾಸೆಂಟರ್ ಆದರೆ ಅದು ಚೆನ್ನಾಗಿಯೇ ಕಾಣುತ್ತದೆ. ಸಿಂಕ್ರೊನಸ್_ಕಮಿಟ್ ಆನ್ ಎಂಬಲ್ಲಿ ಸ್ಟ್ಯಾಂಡ್‌ಬೈ ಡಿಸ್ಕಿಗೆ ಬರೆದರೆ ಸಾಕು. ರಿಮೋಟ್_ಅಪ್ಲೈ ಎಂದರೆ ಹಚ್ಚಿಯೂ ಮುಗಿಸಬೇಕು, ಆಗ ಈಗಷ್ಟೇ ಬರೆದದ್ದನ್ನು ಆ ಸ್ಟ್ಯಾಂಡ್‌ಬೈನಲ್ಲಿ ಓದಿದರೆ ಕಾಣುತ್ತದೆ. ಕಳೆದರೂ ನಷ್ಟವಿಲ್ಲದ ಲಾಗ್ ಟೇಬಲ್‌ಗಳಿಗೆ ಆ ಟ್ರಾನ್ಸಾಕ್ಷನ್‌ನಲ್ಲಿ ಮಾತ್ರ ಲೋಕಲ್ ಎಂದು ಇಳಿಸಿಕೊಳ್ಳಬಹುದು.

ಸ್ಟ್ಯಾಂಡ್‌ಬೈ ಒಂದೇ ಇದ್ದರೆ ಸಿಂಕ್ರೊನಸ್ ಮಾಡಬೇಡಿ. ಅದು ನಿಂತರೆ ಪ್ರೈಮರಿಯ ಬರವಣಿಗೆಯೂ ನಿಲ್ಲುತ್ತದೆ. ಪಿಜಿ_ಸ್ಟಾಟ್_ಆಕ್ಟಿವಿಟಿಯಲ್ಲಿ ಕಾಯುತ್ತಿರುವವರ ವೇಟ್_ಈವೆಂಟ್ ಸಿಂಕ್‌ರೆಪ್ ಎಂದು ಸಾಲುಗಟ್ಟುತ್ತದೆ. ಬಿಡಿಸಿಕೊಳ್ಳಲು ಆ ಸೆಟ್ಟಿಂಗ್ ಖಾಲಿ ಮಾಡಿ ರೀಲೋಡ್ ಕೊಡಿ. ಕಾಯುತ್ತಿರುವ ಕಮಿಟ್ ಅನ್ನು ಬಳಕೆದಾರ ಕ್ಯಾನ್ಸಲ್ ಮಾಡಿದರೆ ಅದು ರದ್ದಾಗುವುದಿಲ್ಲ. ಪ್ರೈಮರಿಯಲ್ಲಿ ಆಗಲೇ ಕಮಿಟ್ ಆಗಿರುತ್ತದೆ, ಸ್ಟ್ಯಾಂಡ್‌ಬೈಗೆ ಹೋಗಿಲ್ಲದಿರಬಹುದು ಎಂಬ ಎಚ್ಚರಿಕೆ ಮಾತ್ರ ಬರುತ್ತದೆ. ಅಪ್ಲಿಕೇಶನ್ ಮತ್ತೆ ಕಳಿಸಿದರೆ ಎರಡು ಬಾರಿ ದಾಖಲಾಗುತ್ತದೆ.

ತಿರುಗಿಸುವುದು

ಯೋಜಿತ ಬದಲಾವಣೆ ಸುಲಭ. ಅಪ್ಲಿಕೇಶನ್ ನಿಲ್ಲಿಸಿ, ಪ್ರೈಮರಿಯನ್ನು ಫಾಸ್ಟ್ ವಿಧಾನದಲ್ಲಿ ಮುಚ್ಚಿ. ಸರಿಯಾಗಿ ಮುಚ್ಚುವಾಗ ಸಂಪರ್ಕದಲ್ಲಿರುವ ಸ್ಟ್ಯಾಂಡ್‌ಬೈಗೆ ಉಳಿದ ವಾಲ್ ಪೂರ್ತಿ ಕಳಿಸಿಯೇ ಅದು ನಿಲ್ಲುತ್ತದೆ. ಹಳೆಯ ಕಡೆ ಪಿಜಿ_ಕಂಟ್ರೋಲ್‌ಡೇಟಾ ತೋರಿಸುವ ಕೊನೆಯ ಚೆಕ್‌ಪಾಯಿಂಟ್ ಸ್ಥಾನವನ್ನು ಸ್ಟ್ಯಾಂಡ್‌ಬೈ ಹಚ್ಚಿ ದಾಟಿದೆಯೇ ನೋಡಿ, ನಂತರ ಸ್ಟ್ಯಾಂಡ್‌ಬೈನಲ್ಲಿ ಸೆಲೆಕ್ಟ್ ಪಿಜಿ_ಪ್ರಮೋಟ್(). ಮೂಲ ಸೆಟ್ಟಿಂಗ್‌ನಲ್ಲಿ ಇದು 60 ಸೆಕೆಂಡ್‌ವರೆಗೆ ಕಾದು ಟ್ರೂ ಕೊಡುತ್ತದೆ. ಪಿಜಿ_ಇಸ್_ಇನ್_ರಿಕವರಿ() ಫಾಲ್ಸ್ ಎಂದರೆ ಅದು ಈಗ ಪ್ರೈಮರಿ. ಹಳೆಯದನ್ನು ಹೀಗೆ ಸ್ವಚ್ಛವಾಗಿ ಮುಚ್ಚಿದ್ದರೆ ಸ್ಟ್ಯಾಂಡ್‌ಬೈ.ಸಿಗ್ನಲ್ ಇಟ್ಟು, ಪ್ರೈಮರಿ_ಕಾನ್‌ಇನ್ಫೋ ತಿರುಗಿಸಿ ಸ್ಟಾರ್ಟ್ ಮಾಡಿದರೆ ಸಾಕು.

ಪ್ರೈಮರಿ ತಾನಾಗಿಯೇ ಬಿದ್ದಾಗ ಮೊದಲ ಕೆಲಸ ಪ್ರಮೋಟ್ ಅಲ್ಲ, ಹಳೆಯದು ಮತ್ತೆ ಏಳದಂತೆ ಮಾಡುವುದು. ವಿದ್ಯುತ್ ತೆಗೆಯಿರಿ, ವರ್ಚುವಲ್ ಯಂತ್ರವಾದರೆ ಹೊರಗಿನಿಂದ ನಿಲ್ಲಿಸಿ, ಒಳಗೆ ಹೋಗಲು ಆಗುವಂತಿದ್ದರೆ ಸ್ಟಾರ್ಟ್.ಕಾನ್ಫ್ ಫೈಲಿನಲ್ಲಿ ಆಟೊ ಎಂಬುದನ್ನು ಮ್ಯಾನುಯಲ್ ಮಾಡಿ. ಇಲ್ಲದಿದ್ದರೆ ಹತ್ತು ನಿಮಿಷದ ನಂತರ ಅದು ರೀಬೂಟ್ ಆಗಿ ತಾನೂ ಪ್ರೈಮರಿ ಎಂದು ಬರೆಸಿಕೊಳ್ಳತೊಡಗುತ್ತದೆ. ಎರಡು ಕಡೆ ಬೇರೆ ಬೇರೆ ಬರವಣಿಗೆ ಬಿದ್ದ ಡೇಟಾವನ್ನು ಒಂದಾಗಿಸುವ ಉಪಕರಣ ಪೋಸ್ಟ್‌ಗ್ರೆಸ್‌ನಲ್ಲಿಲ್ಲ, ಕೈಯಿಂದಲೇ ಹೆಕ್ಕಬೇಕು.

ಪ್ರಮೋಟ್ ಆದ ಸರ್ವರಿನಲ್ಲಿ ಹೊಸ ಟೈಮ್‌ಲೈನ್ (ವಾಲ್ ಇತಿಹಾಸದ ಹೊಸ ಕವಲು) ಶುರುವಾಗುತ್ತದೆ. ಬೇಸ್‌ಬ್ಯಾಕಪ್ ಸ್ಲಾಟ್‌ಗಳನ್ನು ನಕಲು ಮಾಡುವುದಿಲ್ಲವಾದ್ದರಿಂದ ಇಲ್ಲಿ ಸ್ಲಾಟ್ ಇರುವುದಿಲ್ಲ, ಪಿಜಿ_ಕ್ರಿಯೇಟ್_ಫಿಸಿಕಲ್_ರೆಪ್ಲಿಕೇಶನ್_ಸ್ಲಾಟ್('ಎಸ್1') ಓಡಿಸಿ. ಒಮ್ಮೆ ಚೆಕ್‌ಪಾಯಿಂಟ್ ಕಮಾಂಡನ್ನೂ ಕೊಡಿ, ಮುಂದಿನ ರಿವೈಂಡ್‌ಗೆ ಹೊಸ ಟೈಮ್‌ಲೈನ್ ಖಚಿತವಾಗಿ ಕಾಣಲಿ. ಆಟೊವ್ಯಾಕ್ಯೂಮ್‌ನ ಎಣಿಕೆಗಳು ಹಳೆಯ ಪ್ರೈಮರಿಯಲ್ಲೇ ಉಳಿದಿರುತ್ತವೆ. ಹೆಚ್ಚು ಬರೆಯುವ ಟೇಬಲ್‌ಗಳ ಮೇಲೆ ವ್ಯಾಕ್ಯೂಮ್ ಅನಲೈಸ್ ಓಡಿಸುವುದು ಒಳ್ಳೆಯದು. ಅನ್‌ಲಾಗ್ಡ್ ಟೇಬಲ್‌ಗಳು ಖಾಲಿಯಿರುತ್ತವೆ, ಅವು ವಾಲ್‌ಗೆ ಬರುವುದೇ ಇಲ್ಲ.

ಹಳೆಯ ಪ್ರೈಮರಿ ನಿಂತಿರುವಾಗ ಅದರಲ್ಲಿ:

ಪಿಜಿ_ರಿವೈಂಡ್ --ಟಾರ್ಗೆಟ್-ಪಿಜಿಡೇಟಾ=/ವರ್/ಲಿಬ್/ಪೋಸ್ಟ್‌ಗ್ರೆಸ್ಕ್ಯುಎಲ್/16/ಮೇನ್ --ಸೋರ್ಸ್-ಸರ್ವರ್='ಹೋಸ್ಟ್=10.0.0.12 ಯೂಸರ್=ಪೋಸ್ಟ್‌ಗ್ರೆಸ್ ಡಿಬಿನೇಮ್=ಪೋಸ್ಟ್‌ಗ್ರೆಸ್' --ರೈಟ್-ರಿಕವರಿ-ಕಾನ್ಫ್ --ಡ್ರೈ-ರನ್

ಡ್ರೈ-ರನ್ ದೂರಿಲ್ಲದೆ ಮುಗಿದರೆ ಆ ಪದ ತೆಗೆದು ಮತ್ತೆ ಓಡಿಸಿ. ಡೆಬಿಯನ್‌ನಲ್ಲಿ ಪಿಜಿ_ರಿವೈಂಡ್‌ಗೆ ಕಾನ್ಫಿಗ್ ಫೈಲ್ ಸಿಗದೆ ಎಡವಿದರೆ --ಕಾನ್ಫಿಗ್-ಫೈಲ್ ಆಪ್ಷನ್‌ನಲ್ಲಿ /ಇಟಿಸಿಯ ಪಾತ್ ಕೊಡಿ. ಎರಡು ಸರ್ವರ್ ಬೇರೆಯಾದ ಬಿಂದುವಿನಿಂದ ಬದಲಾದ ಪುಟಗಳನ್ನಷ್ಟೇ ಎಳೆದುಕೊಳ್ಳುವುದರಿಂದ ಟೆರಾಬೈಟ್ ಡೇಟಾ ಇದ್ದರೂ ಬೇಗ ಮುಗಿಯುತ್ತದೆ. ಹಳೆಯದರಲ್ಲಿ ಮಾತ್ರ ಉಳಿದ, ಸ್ಟ್ಯಾಂಡ್‌ಬೈಗೆ ಮುಟ್ಟದ ಕಮಿಟ್‌ಗಳು ಇಲ್ಲಿ ಅಳಿದುಹೋಗುತ್ತವೆ. ಅವು ಬೇಕೆಂದರೆ ರಿವೈಂಡ್‌ಗೆ ಮೊದಲೇ ಡೇಟಾ ಫೋಲ್ಡರಿನ ಪ್ರತಿ ತೆಗೆದಿಡಿ. ರಿವೈಂಡ್ ಮಧ್ಯದಲ್ಲಿ ಮುರಿದರೆ ಆ ಫೋಲ್ಡರನ್ನು ನಂಬದೆ ಬೇಸ್‌ಬ್ಯಾಕಪ್‌ಗೆ ಹೋಗಿ. ಮುಗಿದ ಮೇಲೆ ಪ್ರೈಮರಿ_ಕಾನ್‌ಇನ್ಫೋ ತೆರೆದು ಯೂಸರ್ ರೆಪ್ಲಿಕೇಟರ್ ಆಗುವಂತೆ ತಿದ್ದಿ, ಪ್ರೈಮರಿ_ಸ್ಲಾಟ್_ನೇಮ್ ಸೇರಿಸಿ. .ಪಿಜಿಪಾಸ್‌ಗೆ ಹೊಸ ಪ್ರೈಮರಿಯ ವಿಳಾಸದ ಸಾಲೂ ಬೇಕು.

ಅಪ್ಲಿಕೇಶನ್ ಕಡೆ ಪ್ರತಿ ಬಾರಿ ವಿಳಾಸ ಬದಲಿಸುವ ಬದಲು ಕನೆಕ್ಷನ್ ಸಾಲಿನಲ್ಲಿ ಹೋಸ್ಟ್=10.0.0.11,10.0.0.12 ಟಾರ್ಗೆಟ್_ಸೆಷನ್_ಆಟ್ರ್ಸ್=ರೀಡ್-ರೈಟ್ ಕೊಟ್ಟರೆ ಬರೆಯಲು ಬಿಡುವ ಸರ್ವರನ್ನು ಡ್ರೈವರ್ ತಾನೇ ಹುಡುಕಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನ ಲಿಬ್‌ಪಿಕ್ಯು ಲೈಬ್ರರಿ ಬಳಸುವ ಡ್ರೈವರ್‌ಗಳಲ್ಲಿ ಇದು ಆವೃತ್ತಿ 10ರಿಂದ ಇದೆ.

ಇದನ್ನೆಲ್ಲ ಒಂದು ಶೆಲ್ ಸ್ಕ್ರಿಪ್ಟ್‌ಗೆ ಹಾಕಿ ತಾನಾಗಿಯೇ ಪ್ರಮೋಟ್ ಆಗುವಂತೆ ಮಾಡುವ ಆಸೆ ಹುಟ್ಟುತ್ತದೆ. ಎರಡೇ ಸರ್ವರ್ ಇರುವಾಗ ಮಾಡಬೇಡಿ. ಎದುರಿನವನು ಸತ್ತನೋ, ನಡುವಿನ ತಂತಿ ಕಡಿಯಿತೋ ಎಂದು ಎರಡರಲ್ಲಿ ಒಬ್ಬನಿಂದ ತೀರ್ಮಾನಿಸಲು ಸಾಧ್ಯವಿಲ್ಲ, ಮೂರನೆಯ ಸಾಕ್ಷಿ ಬೇಕು. ತಾನಾಗಿಯೇ ಫೇಲ್‌ಓವರ್ ಮಾಡುವ ಪ್ಯಾಟ್ರೋನಿ ಎಂಬ ಉಪಕರಣ ಈ ಸಾಕ್ಷಿಗೆ ಇಟಿಸಿಡಿ, ಕಾನ್ಸಲ್ ಅಥವಾ ಝೂಕೀಪರ್ ಬಳಸುತ್ತದೆ. ಅಷ್ಟು ಯಂತ್ರ ಇಡಲಾಗದಿದ್ದರೆ ಮೇಲಿನ ಹೆಜ್ಜೆಗಳನ್ನು ಒಂದು ಪುಟಕ್ಕಿಳಿಸಿ, ಮೂರು ತಿಂಗಳಿಗೊಮ್ಮೆ ಯೋಜಿತ ಬದಲಾವಣೆ ಮಾಡಿ ನೋಡಿ. ಮರೆತ ಪಿಜಿ_ಎಚ್‌ಬಿಎ ಸಾಲು, ತೆರೆಯದ ಪೋರ್ಟ್, ಸ್ಟ್ಯಾಂಡ್‌ಬೈನಲ್ಲಿಲ್ಲದ ಕ್ರಾನ್ ಕೆಲಸ ಎಲ್ಲ ಆಗಲೇ ಸಿಕ್ಕಿಬೀಳುತ್ತವೆ.

ಬ್ಯಾಕಪ್ ಬೇರೆಯೇ ಬೇಕು

ತಪ್ಪಿ ಓಡಿಸಿದ ಡ್ರಾಪ್ ಟೇಬಲ್ ಕ್ಷಣಾರ್ಧದಲ್ಲಿ ಸ್ಟ್ಯಾಂಡ್‌ಬೈನಲ್ಲೂ ಟೇಬಲ್ ಅಳಿಸುತ್ತದೆ. ಪಿಜಿಬ್ಯಾಕ್‌ರೆಸ್ಟ್‌ನಂಥ ಬ್ಯಾಕಪ್ ಉಪಕರಣದಿಂದ ಬೇಸ್‌ಬ್ಯಾಕಪ್, ವಾಲ್ ಆರ್ಕೈವ್ ಎರಡನ್ನೂ ಬೇರೆ ಜಾಗದಲ್ಲಿಡಿ. ಆ ಆರ್ಕೈವ್ ಸ್ಲಾಟ್ ಲಾಸ್ಟ್ ಆದ ದಿನ ಸ್ಟ್ಯಾಂಡ್‌ಬೈಗೂ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಸ್ಟ್ಯಾಂಡ್‌ಬೈ ಇಡಲು ಸಾಧ್ಯವಿದ್ದರೆ ಅದರಲ್ಲಿ ರಿಕವರಿ_ಮಿನ್_ಅಪ್ಲೈ_ಡಿಲೇ = '4ಎಚ್' ಹಾಕಿ. ವಾಲ್ ಕೂಡಲೇ ಬಂದು ಸೇರುತ್ತದೆ, ಕಮಿಟ್‌ಗಳನ್ನು ಹಚ್ಚುವುದು ನಾಲ್ಕು ಗಂಟೆ ತಡವಾಗಿ. ತಪ್ಪು ಗೊತ್ತಾದ ಕೂಡಲೇ ಅಲ್ಲಿ ಪಿಜಿ_ವಾಲ್_ರಿಪ್ಲೇ_ಪಾಸ್() ಕೊಟ್ಟು ನಿಲ್ಲಿಸಿ, ಪಿಜಿ_ಡಂಪ್‌ನಿಂದ ಆ ಟೇಬಲ್ ಎತ್ತಿಕೊಳ್ಳಿ. ಈ ತಡದ ಸ್ಟ್ಯಾಂಡ್‌ಬೈಯನ್ನು ಸಿಂಕ್ರೊನಸ್ ಪಟ್ಟಿಗೆ ಸೇರಿಸಬೇಡಿ, ರಿಮೋಟ್_ಅಪ್ಲೈ ಇದ್ದರೆ ಪ್ರತಿ ಕಮಿಟ್ ನಾಲ್ಕು ಗಂಟೆ ಕಾಯುತ್ತದೆ.

ಮೈನರ್ ಅಪ್‌ಡೇಟ್ ಬಂದಾಗ ಮೊದಲು ಸ್ಟ್ಯಾಂಡ್‌ಬೈ, ಆಮೇಲೆ ಪ್ರೈಮರಿ. ಮೇಜರ್ ಅಪ್‌ಗ್ರೇಡ್ ಈ ರೆಪ್ಲಿಕೇಶನ್ ಮೂಲಕ ದಾಟುವುದಿಲ್ಲ. ಪ್ರೈಮರಿಯಲ್ಲಿ ಪಿಜಿ_ಅಪ್‌ಗ್ರೇಡ್ ಮುಗಿದ ಮೇಲೆ ಸ್ಟ್ಯಾಂಡ್‌ಬೈಗೆ ಹೊಸ ಬೇಸ್‌ಬ್ಯಾಕಪ್ ತೆಗೆಯುವ ಸಮಯವನ್ನೂ ಯೋಜನೆಯಲ್ಲಿ ಹಿಡಿದಿಡಿ.